ತಾತನವರ ಕೈಗಡಿಯಾರ

ಕಳೆದ ಸಲ ಇಲ್ಲಿಗೆ ಬಂದಾಗ ನಮ್ಮ ತಾಯಿಯವರು ತಾತನವರ ಕೈಗಡಿಯಾರವನ್ನು ತಂದುಕೊಟ್ಟರು. ಡಯಲಿನ ಮೇಲೆ ‘ವೆಸ್ಟ್ ಎಂಡ್ ವಾಚ್ ಕಂಪೆನಿ, ಬೊಂಬಾಯಿ, ಕಲ್ಕತ್ತ’ ಎಂದಿದೆ. ಊರುಗಳು ನಮ್ಮವು, ಯಂತ್ರ ಸ್ವಿಟ್ಜರ್ಲೆಂಡಿನದು. 1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ.ಯು ಜಪಾನಿನ ಸಿಟಿಜನ್ ಸಹಯೋಗದಿಂದ ಕೈಗಡಿಯಾರ ತಯಾರಿಸತೊಡಗುವವರೆಗೆ ನಮ್ಮ ಹಿರಿಯರು ಕಟ್ಟುತ್ತಿದ್ದುದು ಬಹುಮಟ್ಟಿಗೆ ಇಂಥ ಆಮದು ಗಡಿಯಾರಗಳನ್ನೇ.

ತಾಯಿಯವರು ಚಿಕ್ಕವರಿದ್ದಾಗ ಇದರ ಅಂಕಿಗಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದವಂತೆ. ಈಗ ಹೊಳೆಯುವುದಿಲ್ಲ. ಆದರೆ ಗೈಗರ್ ಕೌಂಟರನ್ನು ಹತ್ತಿರ ಹಿಡಿದರೆ ಚಟಚಟ ಸದ್ದು! ಹೊಳೆಯುತ್ತಿದ್ದುದು ಸತುವಿನ ಸಲ್ಫೈಡು. ಅದು ಕೆಲವು ದಶಕಗಳಲ್ಲಿ ಕೆಡುತ್ತದೆ. ಅದನ್ನು ಬೆಳಗಿಸುತ್ತಿದ್ದ ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು.

ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ 1917ರಿಂದ ಡಯಲುಗಳಿಗೆ ಈ ಬಣ್ಣ ಬಳಿದ ಹುಡುಗಿಯರು, ತಮಗೆ ಕಲಿಸಿದಂತೆ, ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಗುಣದಲ್ಲಿ ಕ್ಯಾಲ್ಸಿಯಂ ಅನ್ನು ಹೋಲುವ ರೇಡಿಯಂ ಅವರ ಮೂಳೆಗಳನ್ನು ಸೇರಿತು. ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕಳೆದ ಆರೋಗ್ಯ ಮರಳಲಿಲ್ಲ.

ಸದಸ್ಯರ ಮನೆಗಳಲ್ಲೂ ಇಂಥ ಗಡಿಯಾರಗಳಿರಬಹುದು. ಡಯಲಿನ ಬುಡದಲ್ಲಿ ‘ಸ್ವಿಸ್’ ಪಕ್ಕ ‘ಟಿ’ ಅಕ್ಷರವಿದ್ದರೆ ಅದು ಟ್ರಿಟಿಯಂ. 12 ವರ್ಷಕ್ಕೊಮ್ಮೆ ಅರ್ಧವಾಗುತ್ತ ಈಗ ಬಹಳಷ್ಟು ಕರಗಿರುತ್ತದೆ. ಆ ಗುರುತಿಲ್ಲದೆ ಬಣ್ಣ ಕಂದಾಗಿದ್ದರೆ ರೇಡಿಯಂ ಇರಬಹುದೆಂದೇ ತಿಳಿಯಿರಿ. ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಆ ಪುಡಿ ಉಸಿರಿನೊಡನೆ ಒಳಹೋಗುವುದೇ ದೊಡ್ಡ ಅಪಾಯ.

ನಮ್ಮ ಮಗ ಅದನ್ನು ಕಟ್ಟಿಕೊಳ್ಳಬೇಕೆಂದು ಹಟ ಹಿಡಿದ. ಕೊಡಲಿಲ್ಲ, ಮಾರಲೂ ಮನಸ್ಸಾಗಲಿಲ್ಲ. ಮುಚ್ಚಿದ ಡಬ್ಬಿಯಲ್ಲಿ, ಮಲಗುವ ಕೋಣೆಯಿಂದ ದೂರ ಇಟ್ಟಿದ್ದೇವೆ. ಮೇಲೊಂದು ಚೀಟಿ ಅಂಟಿಸಿ ತಾತನವರ ಹೆಸರನ್ನೂ ರೇಡಿಯಂ ಎಂಬ ಎಚ್ಚರಿಕೆಯನ್ನೂ ಬರೆದಿದ್ದೇವೆ. ನಮ್ಮ ನಂತರ ತೆರೆಯುವವರಿಗೆ ಎರಡೂ ತಿಳಿದಿರಬೇಕು.