ಕಾವಿನ ಗಾಯ ಹುಡುಕುವ ಸದ್ದು

ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ನೀವು ನೋಡಿರುತ್ತೀರಿ. ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಬೆಲೆ ವಿಚಾರಿಸುತ್ತಾರೆ. ಠಣ್ಣೆಂದರೆ ಚೆನ್ನಾಗಿ ಬೆಂದಿದೆ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ವಿಮಾನವನ್ನೂ ಹೀಗೆ ಪರೀಕ್ಷಿಸುತ್ತಾರೆಂದರೆ ನಂಬುತ್ತೀರಾ?

2013ರ ಜುಲೈ 12ರಂದು ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 787 ವಿಮಾನವೊಂದು ಖಾಲಿ ನಿಂತಿತ್ತು. ತುರ್ತು ಸಂಕೇತ ಸಾಧನದ ಲಿಥಿಯಂ ಬ್ಯಾಟರಿ ಕಾದು, ಹಿಂಭಾಗದ ಮೇಲ್ಮೈ ಒಳಗಿನಿಂದ ಬೆಂದಿತು. ಆ ಮೈ ಅಲ್ಯೂಮಿನಿಯಂ ಅಲ್ಲ. ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿದ ಸಂಯೋಜಿತ ವಸ್ತು. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುವ ನಮ್ಮ ಹಿರಿಯರ ಜಾಣತನವೇ ಇಲ್ಲಿಯೂ ಇದೆ. ಕಪ್ಪಾದ ಜಾಗ ಎಲ್ಲರಿಗೂ ಕಾಣುತ್ತದೆ. ಆದರೆ ಬಣ್ಣ ಮಾಸದ ಪಕ್ಕದ ಜಾಗ? ಕಾವು ಅಲ್ಲಿ ಎಷ್ಟು ದೂರ ಹರಡಿತ್ತು? ಇಂಥ ಅವಘಡದ ನಂತರ ಎಲ್ಲಿಯವರೆಗೆ ಕತ್ತರಿಸಿ ತೆಗೆಯಬೇಕೆಂಬ ಪ್ರಶ್ನೆಗೆ ನೂರಾರು ಜನರ ಪ್ರಾಣ ಅಂಟಿಕೊಂಡಿರುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಸದ್ದು ನಮ್ಮ ಕಿವಿಗೆ ಕೇಳಿಸದು. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ್ದು ಶ್ರವಣಾತೀತ ಧ್ವನಿ. 1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು ಕಂಡರು. ವಿದ್ಯುತ್ ಕೊಟ್ಟರೆ ಅದೇ ಹರಳು ಕಂಪಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜವಾ ಇದರಿಂದ ಜಲಾಂತರ್ಗಾಮಿಗಳನ್ನು ಹುಡುಕಹೊರಟರು. 1928ರಲ್ಲಿ ಲೆನಿನ್‌ಗ್ರಾಡಿನ ಸೊಕೊಲೊವ್, ಲೋಹದೊಳಗಿನ ದೋಷವನ್ನೂ ಹೀಗೆ ಹುಡುಕಬಹುದೆಂದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫೈರ್‌ಸ್ಟೋನ್ ಚಿಕ್ಕ ಮಿಡಿತವೊಂದನ್ನು ಕಳಿಸಿ ಅದರ ಪ್ರತಿಧ್ವನಿಯನ್ನು ಕೇಳುವ ಯಂತ್ರ ಮಾಡಿ, 1940ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು.

ಇಂಗಾಲದ ಎಳೆಗಳ ಹಲಗೆಯಲ್ಲಿ, ದಪ್ಪದ ದಿಕ್ಕಿಗೆ, ಈ ಧ್ವನಿ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ಸಾಗುತ್ತದೆ. 6 ಮಿಲಿಮೀಟರ್ ದಪ್ಪದ ಹಲಗೆಯ ಆಚೆ ಮುಖಕ್ಕೆ ಬಡಿದು ಮರಳಲು ಬೇಕಾದದ್ದು ಒಂದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ 4 ಪಾಲು. ಪ್ರತಿಧ್ವನಿ 2 ಪಾಲಿನಲ್ಲೇ ಬಂದರೆ ನಟ್ಟನಡುವೆ ಪದರ ಬಿಟ್ಟಿದೆ ಎಂದರ್ಥ. ಕಾವಿಗೆ ಪದರವೇಕೆ ಬಿಡುತ್ತದೆ? ರಾಳ ಹಿಗ್ಗುತ್ತದೆ, ಎಳೆ ತನ್ನ ಉದ್ದಕ್ಕೆ ಹಿಗ್ಗುವುದೇ ಇಲ್ಲವೆನ್ನಬಹುದು. ಒಂದೇ ನೊಗಕ್ಕೆ ಕಟ್ಟಿದ ಎತ್ತು, ಕೋಣದ ಎಳೆದಾಟ! ಕಾವು ಇನ್ನೂ ಏರಿದರೆ ರಾಳವೇ ಒಡೆದು ಅನಿಲ ಬಿಡುತ್ತದೆ.

ಇಲ್ಲಿ ನನ್ನದೊಂದು ಪುಟ್ಟ ಕಥೆ. ಬಿ.ಎಸ್ಸಿ. ಓದುವಾಗ ಸೀಮೆಎಣ್ಣೆಯಲ್ಲಿ ಶ್ರವಣಾತೀತ ಧ್ವನಿ ಹರಿಸಿ, ಅದರ ಮೂಲಕ ಬೆಳಕು ಬಿಟ್ಟು, ಮೂಡುವ ಗೆರೆಗಳಿಂದ ಧ್ವನಿಯ ವೇಗ ಅಳೆಯುವ ಪ್ರಯೋಗವಿತ್ತು. ಆ ಗೆರೆಗಳ ಸಿದ್ಧಾಂತವನ್ನು 1935-36ರಲ್ಲಿ ಬೆಂಗಳೂರಿನಲ್ಲೇ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು ಕಟ್ಟಿದ್ದರೆಂದು ಆಗ ನನಗೆ ತಿಳಿದಿರಲಿಲ್ಲ. ಬೆಳಗಿನ ಉತ್ತರ ಮಧ್ಯಾಹ್ನದ ಉತ್ತರಕ್ಕೆ ತಾಳೆಯಾಗಲಿಲ್ಲ. ತಪ್ಪು ನನ್ನದೆಂದು ಅಳಿಸಿ ಬರೆದೆ. ತಪ್ಪು ನನ್ನದಲ್ಲ, ಬಿಸಿಲಿನದು! ಎಣ್ಣೆ ಬಿಸಿಯಾದಂತೆ ಅದರಲ್ಲಿ ಧ್ವನಿ ನಿಧಾನವಾಗುತ್ತದೆ.

ರಾಳವೂ ಹಾಗೆಯೇ. ಬೆಚ್ಚಗಾದಾಗ ಧ್ವನಿ ಅದರಲ್ಲಿ ನಿಧಾನಿಸುತ್ತದೆ, ಮೆತ್ತಗಾಗುವ ಹಂತ ಬಂದರೆ ಸೊರಗಿಯೂ ಹೋಗುತ್ತದೆ. ತಣಿದರೆ ವೇಗ ಮರಳುತ್ತದೆ; ಗಾಯವಾಗಿದ್ದರೆ ಪೂರ್ತಿ ಮರಳದು. ಆದ್ದರಿಂದ ಅಳೆಯುವಾಗ ಹಲಗೆ ಎಷ್ಟು ಬಿಸಿಯಿದೆ ಎಂಬುದನ್ನೂ ಬರೆದಿಡಬೇಕು. ಇಲ್ಲವಾದರೆ ಬಿಸಿಲಿಗಿಟ್ಟ ಒಳ್ಳೆಯ ಹಲಗೆಯೂ ಕೆಟ್ಟದ್ದೆನಿಸೀತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಪದರ ಬಿಡುವ ಮುಂಚೆಯೇ ಕಾವಿನಿಂದ ರಾಳದ ರಾಸಾಯನಿಕ ಬಂಧಗಳು ಕೆಡಬಹುದು. ಆಗ ಪ್ರತಿಧ್ವನಿ ಸರಿಯಾಗಿಯೇ ಬರುತ್ತದೆ, ಬಲ ಮಾತ್ರ ಕುಂದಿರುತ್ತದೆ. ಹಾಗಾಗಿ ಶ್ರವಣಾತೀತ ಧ್ವನಿಯ ಜೊತೆಗೆ ಮೇಲ್ಮೈಗೆ ಅವಕೆಂಪು ಕಿರಣ ಹಾಯಿಸಿ ರಾಳದ ರಸಾಯನವನ್ನೂ ಓದುವ ವಿಧಾನಗಳು ಬಂದಿವೆ.

ಹೀಥ್ರೋದ ಆ ವಿಮಾನ ದುರಸ್ತಿಯಾಗಿ 2013ರ ಡಿಸೆಂಬರಿನಲ್ಲಿ ಮತ್ತೆ ಹಾರಿತು.