ಪರವಾನಗಿ ಯಾವ ಪ್ರಾಣಿಗೆ?

ಸೋಲದೇವನಹಳ್ಳಿಯ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಈಗ ದೊಡ್ಡ ಕಾಡುಪ್ರಾಣಿಗಳ ಹಿಂಡುಗಳಿಲ್ಲ. ಕೃಷ್ಣಮೃಗ ನೋಡಬೇಕೆಂದರೆ ಮಧುಗಿರಿ ಕಡೆಯ ಮೈದನಹಳ್ಳಿಗೆ ಹೋಗಬೇಕು. ಯಾವ ಪ್ರಾಣಿಯನ್ನು, ಎಷ್ಟನ್ನು ಹೊಡೆಯಬಹುದೆಂಬ ಬೇಟೆಯ ಲೆಕ್ಕಾಚಾರ ಹಿಂಡಿನ ಗತಿಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ನಮ್ಮ ನಾಡು ನಿಧಾನವಾಗಿ ಕಲಿತಿದೆ.

ನೀಲಗಿರಿಯಲ್ಲಿ 1879ರ ಕಾನೂನು ಬೇಟೆಗೆ ನಿಷೇಧದ ಋತುವನ್ನೂ ಪರವಾನಗಿಯನ್ನೂ ತಂದಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಗೆ ತನ್ನದೇ ರೆಗ್ಯುಲೇಷನ್ ಮಾಡಿಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರವಾನಗಿಯಲ್ಲಿ ವಿಶೇಷ ಅನುಮತಿ ಇಲ್ಲದಿದ್ದರೆ ಮರಿಗಳನ್ನು, ಹೆಣ್ಣುಗಳನ್ನು, ಕೊಂಬಿನ ಮೇಲೆ ಇನ್ನೂ ತುಪ್ಪಳದ ಚರ್ಮವಿರುವ ಜಿಂಕೆಗಳನ್ನು ಹೊಡೆಯುವಂತಿರಲಿಲ್ಲ. ಕೊಂದದ್ದರ ದಾಖಲೆಯನ್ನೂ ಇಡಬೇಕಿತ್ತು. 1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು.

ಅಮೆರಿಕ ಹಿಡಿದದ್ದು ಬೇರೆ ದಾರಿ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಅಲ್ಲಿನ ಹಲವು ರಾಜ್ಯಗಳು ಲಾಟರಿ ಎತ್ತಿ ಟ್ಯಾಗ್, ಅಂದರೆ ಒಂದು ಪ್ರಾಣಿಯನ್ನು ಹೊಡೆಯುವ ಅನುಮತಿ ಚೀಟಿ, ಹಂಚುತ್ತವೆ. ಗಂಡಿಗೊಂದು ಟ್ಯಾಗ್, ಹೆಣ್ಣಿಗೊಂದು ಟ್ಯಾಗ್. ಒಂದು ಗಂಡು ಹಲವು ಹೆಣ್ಣುಗಳೊಂದಿಗೆ ಕೂಡುವುದರಿಂದ ಗಂಡುಗಳು ಕೆಲವು ಕಡಿಮೆಯಾದರೆ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯದು. ಹೆಣ್ಣು ಕಡಿಮೆಯಾದರೆ ಹಿಂಡೇ ಕುಗ್ಗುತ್ತದೆ. ಯೆಲ್ಲೊಸ್ಟೋನ್‌ನ ಉತ್ತರದ ಹಿಂಡಿನಲ್ಲಿ 1990ರ ದಶಕದಲ್ಲಿ ಸುಮಾರು 19,000 ಎಲ್ಕ್‌ಗಳಿದ್ದವು. 1995ರಲ್ಲಿ ತೋಳಗಳು ಮರಳಿ ಬಂದವು. ತೋಳಗಳು ಹೆಚ್ಚಾಗಿ ಮರಿ ಮತ್ತು ಮುದಿ ಪ್ರಾಣಿಗಳನ್ನು ಹಿಡಿದರೆ, ಬೇಟೆಗಾರರು ಮರಿ ಹಾಕುವ ವಯಸ್ಸಿನ ಹೆಣ್ಣುಗಳನ್ನೇ ಹೊಡೆಯುತ್ತಿದ್ದರು. ಹಿಂಡು ಕುಗ್ಗಿದಂತೆ ಹೆಣ್ಣಿನ ಟ್ಯಾಗ್‌ಗಳನ್ನೂ ಇಳಿಸಬೇಕಾಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಕಲಿಯಬೇಕಾದ ಪಾಠವಿರುವುದು ಇಲ್ಲೇ.

ಟ್ಯಾಗ್ ಇಲ್ಲದ ನಮ್ಮಲ್ಲಿ ಎಣಿಕೆಯ ವಿಜ್ಞಾನ ಬೆಳೆದದ್ದು ನಾಗರಹೊಳೆಯಲ್ಲಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಲ್ಲಿ ಕಾಡನ್ನು ಸೀಳಿದ ನೇರ ದಾರಿಗಳಲ್ಲಿ ನಡೆದು ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆ ಅಳೆದರು. ಮೆಲ್ವಿನ್ ಸನ್‌ಕ್ವಿಸ್ಟ್ ಜೊತೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂಡಿನ ರಚನೆಯೂ ಇತ್ತು. ಎಂ.ಡಿ. ಮಧುಸೂದನ್ ಮತ್ತು ಕಾರಂತರ 2002ರ ಕೆಲಸವು ನಾಗರಹೊಳೆ, ಕುದುರೆಮುಖಗಳಲ್ಲಿ ಕಳ್ಳಬೇಟೆಯ ಪರಿಣಾಮವನ್ನು ಅಳೆಯಿತು. ಮಾಂಸಕ್ಕಾಗಿ ಕದ್ದು ಹೊಡೆಯುವವನು ಗಂಡು ಹೆಣ್ಣು ನೋಡುವುದಿಲ್ಲ.

ಈಗ ನಮ್ಮಲ್ಲಿ ಪರವಾನಗಿಗೆ ಹತ್ತಿರವಾದದ್ದು ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಕಾಯ್ದೆಯಡಿ ಸಿಗುವ ಅನುಮತಿ. ಕೇಂದ್ರವು ಬಿಹಾರದಲ್ಲಿ ನೀಲ್ಗಾಯಿಯನ್ನು, ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ನಿರ್ದಿಷ್ಟ ಅವಧಿಗೆ ಉಪದ್ರವಿ ಎಂದು ಘೋಷಿಸಿದ್ದೂ ಉಂಟು. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ, ಪರಿಹಾರ ಬೇಗ ಸಿಗಲೇಬೇಕು. ಆದರೆ ಒಂದೇ ಸಲಕ್ಕೆ ಹಲವು ಮರಿ ಹಾಕುವ ಹಂದಿಯ ವಿಷಯದಲ್ಲಿ ಎದುರು ಸಿಕ್ಕ ಗಂಡುಹಂದಿಯನ್ನು ಹೊಡೆದರೆ ಮುಂದಿನ ವರ್ಷದ ಗುಂಪು ಅಷ್ಟೇ ಇರುತ್ತದೆ. ಅನುಮತಿಯ ಆದೇಶ ಹೊರಡುವ ಮೊದಲು ಆ ಗ್ರಾಮದ ಗುಂಪುಗಳಲ್ಲಿ ಎಷ್ಟು ಹೆಣ್ಣು, ಎಷ್ಟು ಮರಿ ಎಂದು ಅರಣ್ಯ ಇಲಾಖೆ ಎಣಿಸಿರಬೇಕು.