ಸಾಕುನಾಯಿಗಳಿಗೆ ಹಸಿ ಮಾಂಸ: ಸುರಕ್ಷಿತ ಬಳಕೆ ಮತ್ತು ಹೈಡಾಟಿಡ್ ರೋಗದ ತಡೆ

ಹಬ್ಬ, ಜಾತ್ರೆಗಳಲ್ಲಿ ಕುರಿ, ಮೇಕೆ ಕಡಿದಾಗ ಗುಳ್ಳೆಗಳಿರುವ ಶ್ವಾಸಕೋಶ ಹಾಗೂ ಯಕೃತ್ತನ್ನು ನಾಯಿಗಳಿಗೆ ಎಸೆಯುವುದು ಹಲವೆಡೆ ರೂಢಿಯಲ್ಲಿದೆ. ಮಾಂಸವು ನಾಯಿಗೆ ಉತ್ತಮ ಆಹಾರವೇ ಆದರೂ, ಹೀಗೆ ಎಸೆದ ಹಸಿ ಒಳಾಂಗಗಳಿಂದ ಕುರಿ, ನಾಯಿ ಹಾಗೂ ಮನುಷ್ಯರ ನಡುವೆ ಹೈಡಾಟಿಡ್ ರೋಗದ ಚಕ್ರ ಮುಂದುವರಿಯುತ್ತದೆ.

ರೋಗ ಹರಡುವ ಬಗೆ

ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳು ಈ ರೋಗಕ್ಕೆ ಕಾರಣ. ಗುಳ್ಳೆಯಿರುವ ಹಸಿ ಒಳಾಂಗವನ್ನು ತಿಂದ ನಾಯಿಯ ಕರುಳಿನಲ್ಲಿ ಹುಳುಗಳು ಬೆಳೆದು, ಸುಮಾರು 6 ರಿಂದ 7 ವಾರಗಳ ನಂತರ ಮಲದಲ್ಲಿ ಮೊಟ್ಟೆಗಳು ಹೊರಬರತೊಡಗುತ್ತವೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಮೊಟ್ಟೆಗಳು ಮೇವು, ಸೊಪ್ಪು, ನೀರು ಮತ್ತು ನಾಯಿಯ ಕೂದಲಿನ ಮೂಲಕ ಜಾನುವಾರುಗಳನ್ನೂ ಮನುಷ್ಯರನ್ನೂ ಸೇರುತ್ತವೆ. ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ಗುಳ್ಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಹಲವರಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ.

ಮಾಂಸ ನೀಡುವಾಗ ಅನುಸರಿಸಬೇಕಾದ ಕ್ರಮಗಳು

• ಒಳಾಂಗಗಳನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಕುದಿಯುವ ನೀರಿನಲ್ಲಿ ಕನಿಷ್ಠ 40 ನಿಮಿಷ ಬೇಯಿಸಿಯೇ ನೀಡಿರಿ.
• ಗುಳ್ಳೆಗಳಿರುವ ಭಾಗವನ್ನು ಸುಡಿರಿ ಅಥವಾ ನಾಯಿ ಅಗೆಯಲಾಗದಷ್ಟು ಆಳವಾಗಿ ಹೂಳಿರಿ.
• ಹಸಿ ಮಾಂಸವನ್ನೇ ನೀಡುವುದಾದರೆ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ದಿನ ಇಟ್ಟ ಮಾಂಸವನ್ನು ಬಳಸಿರಿ. ಮನೆಯ ಫ್ರಿಜ್ಜಿನ ಸಾಮಾನ್ಯ ಖಾನೆಯ ತಂಪು ಇದಕ್ಕೆ ಸಾಲದು.
• ಘನೀಕರಣದಿಂದ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಪೂರ್ತಿ ಸಾಯುವುದಿಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರಿರುವ ಮನೆಗಳಲ್ಲಿ ಬೇಯಿಸಿದ ಮಾಂಸವೇ ಸೂಕ್ತ.
• ರೋಗದಿಂದ ಸತ್ತ ಜಾನುವಾರಿನ ಮಾಂಸ, ಕಂದು ಹಾಕಿದ ಕರು, ಮಾಸು ಇವು ನಾಯಿಗೆ ಸಿಗದಂತೆ ನೋಡಿಕೊಳ್ಳಿರಿ.
• ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಗಾಯಗೊಳಿಸಬಹುದು, ಅದನ್ನು ಕೊಡಬೇಡಿರಿ.

ಸಮತೋಲನ ಆಹಾರ

ಬೆಳೆದ ನಾಯಿಗೆ ದಿನಕ್ಕೆ ದೇಹತೂಕದ ಶೇ. 2 ರಿಂದ 3ರಷ್ಟು ಮಾಂಸಪ್ರಧಾನ ಆಹಾರ ಸಾಮಾನ್ಯವಾಗಿ ಸಾಕಾಗುತ್ತದೆ. 20 ಕಿ.ಗ್ರಾಂ ತೂಕದ ನಾಯಿಗೆ ಇದು 400 ರಿಂದ 600 ಗ್ರಾಂ. ಬರೀ ಮಾಂಸದಲ್ಲಿ ಸುಣ್ಣದಂಶ ತೀರಾ ಕಡಿಮೆಯಿರುವುದರಿಂದ ಮರಿಗಳ ಮೂಳೆಗಳು ದುರ್ಬಲವಾಗುತ್ತವೆ. ಪಶುವೈದ್ಯರ ಸಲಹೆಯಂತೆ ಖನಿಜ ಮಿಶ್ರಣ ಸೇರಿಸಿರಿ. ಯಕೃತ್ತನ್ನು ಅತಿಯಾಗಿ ಕೊಟ್ಟರೆ ಎ ಜೀವಸತ್ವ ವಿಪರೀತವಾಗುವುದರಿಂದ ಅದು ಒಟ್ಟು ಆಹಾರದ ಶೇ. 5 ಮೀರದಿರಲಿ. ಬೇಯಿಸಿದ ಮೊಟ್ಟೆ, ಅನ್ನ, ರಾಗಿ ಮುದ್ದೆ, ಕುಂಬಳ, ಗಜ್ಜರಿಗಳನ್ನು ಬದಲಿಸುತ್ತ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಹಾಗೂ ಒಣದ್ರಾಕ್ಷಿ ನಾಯಿಗೆ ವಿಷಕಾರಿ.

ಜಂತುನಾಶಕ ಔಷಧ

ಕುರಿಹಟ್ಟಿಯ ನಾಯಿಗಳಿಗೆ ಮತ್ತು ಹಸಿ ಒಳಾಂಗ ತಿಂದಿರಬಹುದಾದ ನಾಯಿಗಳಿಗೆ 6 ವಾರಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಔಷಧವನ್ನು ಪಶುವೈದ್ಯರ ಸಲಹೆಯ ಮೇರೆಗೆ ನೀಡಿರಿ. ಪ್ರಮಾಣ ಪ್ರತಿ ಕಿ.ಗ್ರಾಂ ದೇಹತೂಕಕ್ಕೆ 5 ಮಿ.ಗ್ರಾಂ. ಈ ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಗಳನ್ನಲ್ಲ. ಆದ್ದರಿಂದ ಔಷಧ ಕೊಟ್ಟ ನಂತರ 2 ರಿಂದ 3 ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಿರಿ ಅಥವಾ ಆಳವಾಗಿ ಹೂಳಿರಿ.

ವಿಸ್ತರಣಾ ಕಾರ್ಯಕರ್ತರು ಜಾತ್ರೆ, ಹಬ್ಬಗಳಿಗೆ ಮುನ್ನವೇ ಮಾಂಸ ಕಡಿಯುವವರಿಗೂ ಕುರಿಗಾಹಿಗಳಿಗೂ ಈ ವಿಷಯ ತಿಳಿಸುವುದು ಅಗತ್ಯ. ನಾಯಿಯನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯುವುದನ್ನು, ತೋಟದ ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸುವುದನ್ನು ಮನೆಯ ಮಕ್ಕಳಿಗೂ ರೂಢಿ ಮಾಡಿಸಿರಿ.